ಹುದ್ದೆಯ ತ್ಯಾಗ, ಪ್ರಜೆಯ ನಂಬಿಕೆ

ಅಧಿಕಾರವು ಅಧಿಕಾರಿಯ ಸ್ವತ್ತಲ್ಲ. ಪ್ರಜೆಗಳು ನಂಬಿ ಒಪ್ಪಿಸಿದ ನ್ಯಾಸ. ಅದನ್ನು ಕಾಪಾಡುವುದು ಹೇಗೆ ಧರ್ಮವೋ, ಹಿಂದಿರುಗಿಸುವ ರೀತಿಯೂ ಹಾಗೆಯೇ ಧರ್ಮ. ಹಾಗಾದರೆ ಅವಧಿಗೆ ಮೊದಲೇ ಹುದ್ದೆಯನ್ನು ತೊರೆದು ರಾಜಕೀಯ ಪಕ್ಷವನ್ನು ಸೇರುವವರ ನಡೆಯನ್ನು ಹೇಗೆ ತೂಗಬೇಕು?

ಭಾಸ್ಕರ ರಾವ್ ಅವರು 2019ರ ಆಗಸ್ಟ್‌ನಿಂದ ಒಂದು ವರ್ಷ ಬೆಂಗಳೂರು ನಗರದ ಪೊಲೀಸ್ ಕಮಿಷನರ್ ಆಗಿದ್ದರು. ಕೊರೋನಾ ಲಾಕ್‌ಡೌನಿನ ಕಠಿಣ ದಿನಗಳು ಅವರ ಕಾಲದಲ್ಲಿಯೇ ಬಂದವು. ಪೌರತ್ವ ಕಾಯ್ದೆಯ ತಿದ್ದುಪಡಿಗೆ ವಿರೋಧವೆದ್ದಾಗ, 2019ರ ಡಿಸೆಂಬರ್‌ನಲ್ಲಿ ನಗರದಲ್ಲಿ ಹೊರಡಿಸಿದ ನಿಷೇಧಾಜ್ಞೆಯು ಕಾನೂನುಬದ್ಧವಲ್ಲವೆಂದು ಮುಂದೆ ಹೈಕೋರ್ಟು ಹೇಳಿತು. 2021ರಲ್ಲಿ ಸ್ವಯಂನಿವೃತ್ತಿ ಕೋರಿದ ಅವರು 2022ರ ಏಪ್ರಿಲ್‌ನಲ್ಲಿ ಆಮ್ ಆದ್ಮಿ ಪಕ್ಷವನ್ನೂ, ಮರುವರ್ಷ ಭಾರತೀಯ ಜನತಾ ಪಕ್ಷವನ್ನೂ ಸೇರಿದರು.

ಇನ್ನೊಂದು ನಿದರ್ಶನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳನ್ನೊಳಗೊಂಡ ದಕ್ಷಿಣ ಕನ್ನಡದ್ದು. 2017ರಿಂದ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದ ಸಸಿಕಾಂತ್ ಸೆಂಥಿಲ್ ಅವರು, ಪ್ರಜಾಪ್ರಭುತ್ವದ ಮೂಲಾಧಾರಗಳಿಗೆ ಧಕ್ಕೆಯಾಗುತ್ತಿರುವಾಗ ಸೇವೆಯಲ್ಲಿ ಮುಂದುವರಿಯುವುದು ಅನೈತಿಕವೆಂದು ತಿಳಿಸಿ 2019ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆಯಿತ್ತರು. 2020ರಲ್ಲಿ ಕಾಂಗ್ರೆಸ್ ಸೇರಿ, 2024ರಲ್ಲಿ ತಮಿಳುನಾಡಿನ ತಿರುವಳ್ಳೂರಿನಿಂದ ಲೋಕಸಭೆಗೆ ಆಯ್ಕೆಯಾದರು.

ಹುದ್ದೆ ಬಿಟ್ಟವರೂ ಪ್ರಜೆಗಳೇ. ಪಕ್ಷ ಸೇರುವುದು ಅವರ ಹಕ್ಕು. ಅದು ದೋಷವಲ್ಲ. ಆದರೆ ಸುಳ್ಯದ ಕೃಷಿಕನು ಜಮೀನಿನ ತಕರಾರನ್ನು ಹೊತ್ತು ಕಚೇರಿಯ ಮೆಟ್ಟಿಲೇರುವುದು, ಕಡಬದ ಹೆಂಗಸು ಠಾಣೆಯಲ್ಲಿ ದೂರು ಕೊಡುವುದು, ಅಧಿಕಾರಿಗೆ ಪಕ್ಷವಿಲ್ಲವೆಂಬ ನಂಬಿಕೆಯಿಂದ. ನಾಳೆ ಆ ಅಧಿಕಾರಿಯೇ ಬಾವುಟ ಹಿಡಿದರೆ ನಿನ್ನೆಯ ಆದೇಶದ ಮೇಲೂ ಸಂಶಯದ ನೆರಳು ಬೀಳುತ್ತದೆ. ನ್ಯಾಯಾಲಯವು ಆದೇಶವನ್ನು ಪರೀಕ್ಷಿಸಬಲ್ಲದು. ಅಂತರಂಗವನ್ನು ನೋಡುವ ಕಣ್ಣು ನ್ಯಾಯಾಲಯಕ್ಕೂ ಇಲ್ಲ, ಪ್ರಜೆಗೂ ಇಲ್ಲ.

ನಿವೃತ್ತಿಯ ಬಳಿಕ ಒಂದು ವರ್ಷದೊಳಗೆ ವಾಣಿಜ್ಯ ಸಂಸ್ಥೆಯಲ್ಲಿ ಉದ್ಯೋಗ ಹಿಡಿಯಲು ಇಂತಹ ಅಧಿಕಾರಿಗಳಿಗೆ ಸರಕಾರದ ಅನುಮತಿ ಬೇಕು. ಚುನಾವಣೆಗೆ ನಿಲ್ಲಲು ಅಂತಹ ಅಂತರವೇನೂ ಬೇಕಿಲ್ಲ. ಈ ಬಗ್ಗೆ ನಿಯಮ ಬೇಕೆಂಬ ಅರ್ಜಿಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಜಾಗೊಳಿಸಿ, ಅದು ಶಾಸಕಾಂಗಕ್ಕೆ ಬಿಟ್ಟ ವಿಷಯವೆಂದಿತು.

ಕಾನೂನು ಕೇಳದಿದ್ದರೂ ವಿವೇಕ ಕೇಳುತ್ತದೆ. ಹುದ್ದೆಗೂ ಪಕ್ಷಕ್ಕೂ ನಡುವೆ ತಾನಾಗಿಯೇ ವಿಧಿಸಿಕೊಂಡ ಕೆಲವು ವರ್ಷಗಳ ಮೌನವು ಅಪ್ರಾಮಾಣಿಕನಿಗೆ ತಡೆಯಾದೀತು, ಪ್ರಾಮಾಣಿಕನಿಗೆ ರಕ್ಷೆಯಾದೀತು. ಕುರ್ಚಿಯನ್ನು ಬಿಡುವುದು ತ್ಯಾಗದ ಅರ್ಧಭಾಗ ಮಾತ್ರ. ಆ ಕುರ್ಚಿ ತಂದಿತ್ತ ಹೆಸರನ್ನು ಕೂಡಲೇ ಬಳಸಿಕೊಳ್ಳದಿರುವುದು ಉಳಿದರ್ಧ.