ದಡ ಸೇರಿದವರ ಹೆಮ್ಮೆ

ದೈವ ದೊಡ್ಡದೋ, ಪುರುಷಪ್ರಯತ್ನ ದೊಡ್ಡದೋ? ಪ್ರಶ್ನೆ ಬಹು ಹಳೆಯದು. ಇದನ್ನು ನಡುಗಡಲಿನ ಕೀಟಗಳ ನಿದರ್ಶನದಿಂದ ವಿಚಾರಿಸಿ ನೋಡೋಣ.

ಶಾಂತಸಾಗರದ ಹವಾಯಿ ದ್ವೀಪಗಳು ಅಗ್ನಿಪರ್ವತಗಳಿಂದ ಹುಟ್ಟಿದವು. ಎಂದಿಗೂ ಯಾವ ಭೂಖಂಡಕ್ಕೂ ಸೇರಿದ್ದವಲ್ಲ. ಅತಿ ಸಮೀಪದ ಭೂಖಂಡವಾದ ಉತ್ತರ ಅಮೆರಿಕವೂ ಅಲ್ಲಿಂದ ಸುಮಾರು 3,800 ಕಿಲೋಮೀಟರು ದೂರ. ಆದರೂ ಮನುಷ್ಯನು ಕಾಲಿಡುವ ಮೊದಲೇ ಸಾವಿರಾರು ಜಾತಿಯ ಕೀಟಗಳು ಅಲ್ಲಿ ನೆಲೆಸಿದ್ದವು.

ಅವುಗಳ ಪೂರ್ವಿಕರು ಬಂದುದು ಹೇಗೆ? ಗಾಳಿಯಲ್ಲಿ ತೇಲಿ, ನೆರೆಯಲ್ಲಿ ಕಿತ್ತುಬಂದ ಮರದ ಬೊಡ್ಡೆಯೊಳಗೆ ಅಡಗಿ, ಹಕ್ಕಿಯ ಗರಿಗೆ ಅಂಟಿ, ಹೀಗೆ ದಾರಿಗಳು ಹಲವು. 1926ರಿಂದ 1931ರವರೆಗೆ ಅಮೆರಿಕದ ಲೂಸಿಯಾನಾದಲ್ಲಿ ಗ್ಲಿಕ್ ಎಂಬ ವಿಜ್ಞಾನಿಯು ವಿಮಾನದ ಸಹಾಯದಿಂದ ಆಕಾಶವನ್ನು ಜಾಲಾಡಿದಾಗ, ಸಾವಿರಾರು ಅಡಿಗಳ ಎತ್ತರದಲ್ಲಿ ಕೀಟಗಳು ಸಿಕ್ಕಿದವು. ಅವುಗಳಲ್ಲಿ ರೆಕ್ಕೆಯಿಲ್ಲದವೂ ಇದ್ದವು! ಅವು ಹಾರಿದುವಲ್ಲ, ಗಾಳಿ ಅವುಗಳನ್ನು ಹೊತ್ತಿತು.

ಹೀಗೆ ಹೊರಟವುಗಳಲ್ಲಿ ಬಹುಪಾಲು ಕಡಲಿನ ಪಾಲಾಗಿರಬೇಕು. ಮುಳುಗಿದವುಗಳ ಲೆಕ್ಕವನ್ನು ಇಟ್ಟವರಾರು? ಉದ್ಯೋಗಶೀಲತೆಗೆ ನಾವು ಮಕ್ಕಳಿಗೆ ತೋರಿಸುವ ಮಾದರಿ ಇರುವೆ. ಆದರೆ ಮನುಷ್ಯನು ತನ್ನ ಸಾಮಾನುಗಳೊಡನೆ ಕೊಂಡೊಯ್ಯುವವರೆಗೆ ಹವಾಯಿಯಲ್ಲಿ ಇರುವೆಯೇ ಇರಲಿಲ್ಲ. ಅಲ್ಪವಾದ ಹಣ್ಣಿನ ನೊಣವಾದರೋ ದಡ ಸೇರಿತು. ಒಂದೋ ಎರಡೋ ಮೂಲ ಜಾತಿಗಳಿಂದ 500ಕ್ಕೂ ಹೆಚ್ಚು ಜಾತಿಗಳಾಗಿ ಹಬ್ಬಿತು. ಇರುವೆಯಲ್ಲಿ ಶ್ರಮದ ಕೊರತೆಯಿತ್ತೆನ್ನಬಹುದೇ?

ಹಾಗಾದರೆ ಪ್ರಯತ್ನವೆಲ್ಲ ವ್ಯರ್ಥವೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಗಾಳಿಯು ದಡಕ್ಕೆ ತಂದು ಹಾಕುತ್ತದೆ, ಆಹಾರವನ್ನು ಹುಡುಕಿಕೊಡುವುದಿಲ್ಲ. ಕೊಳೆತ ಎಲೆಯಲ್ಲಿಯೋ ತೊಗಟೆಯಲ್ಲಿಯೋ ಬದುಕಿಗೆ ದಾರಿ ಕಾಣದಿದ್ದರೆ ಬಂದ ನೊಣವೂ ಅಳಿದುಹೋಗುತ್ತಿತ್ತು. ಪ್ರಯತ್ನಕ್ಕೆ ಬೆಲೆಯುಂಟು, ಆದರೆ ಅದು ಕಾಲೂರುವುದಕ್ಕೆ ಮೊದಲು ನೆಲ ಬೇಕು. ಆ ನೆಲವನ್ನು ಎಲ್ಲರಿಗೂ ಗಾಳಿ ಒದಗಿಸುವುದಿಲ್ಲ.

ಹುಳುವಿಗೆ ಈ ವಿವೇಕವಿಲ್ಲ. ಆದುದರಿಂದ ಅದಕ್ಕೆ ಹೆಮ್ಮೆಯೂ ಇಲ್ಲ, ಹೊಣೆಯೂ ಇಲ್ಲ. ಮನುಷ್ಯನಿಗೆ ಎರಡೂ ಉಂಟು. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನ ಬೆನ್ನು ತಟ್ಟುವುದು ಯುಕ್ತವೇ. ಆದರೆ ತೇರ್ಗಡೆಯಾಗದವನನ್ನು ಸೋಮಾರಿಯೆಂದು ಕರೆಯುವ ಮೊದಲು, ಅವನ ಮನೆಯಲ್ಲಿ ರಾತ್ರಿ ಓದಲು ದೀಪವಿತ್ತೇ ಎಂದು ವಿಚಾರಿಸುವುದು ನಮ್ಮ ಧರ್ಮ. ಗಾಳಿಗೆ ಕರುಣೆಯಿಲ್ಲದಿದ್ದರೆ ಅದು ಅದರ ತಪ್ಪಲ್ಲ. ನಮಗೆ ಇಲ್ಲದಿದ್ದರೆ ತಪ್ಪು ನಮ್ಮದೇ.