ಸಂಗ್ರಹವೂ ಶ್ರವಣವೂ

ಕಳಸ, ಮೂಡಿಗೆರೆಗಳ ಕಾಫಿ ಸೀಮೆಯಲ್ಲಿ ಮಳೆಗಾಲದ ಸ್ಥಿತಿ ಓದುಗರಿಗೆಲ್ಲ ವಿದಿತವೇ. ಮರ ಬಿದ್ದು ತಂತಿ ಕಡಿಯಿತೆಂದರೆ ವಿದ್ಯುತ್ತಿಲ್ಲ. ಅದರ ಹಿಂದೆಯೇ ಮೊಬೈಲಿನ ಸಂಪರ್ಕವೂ ಇಲ್ಲ. ಚಾತುರ್ಮಾಸ್ಯದ ಪ್ರವಚನಗಳು ನಡೆಯುವುದೂ ಈ ಕಾಲದಲ್ಲಿಯೇ. ಆದುದರಿಂದ ತೋಟದ ಮನೆಗಳವರು ಪೇಟೆಗೆ ಬಂದಾಗ ಪ್ರವಚನಗಳ ವಿಡಿಯೋಗಳನ್ನು ಇಳಿಸಿಕೊಂಡು, ಸಾವಕಾಶವಾಗಿ ಕೇಳೋಣವೆಂದು ಕೂಡಿಡುವುದು ರೂಢಿಯಾಗಿದೆ. ಇದು ಯುಕ್ತವೇ, ಯುಕ್ತವಾದರೆ ಇದರ ಮಿತಿ ಯಾವುದು ಎಂಬುದನ್ನು ವಿಚಾರಿಸೋಣ.

ಸಂಗ್ರಹವು ಸ್ವತಃ ದೋಷವಲ್ಲ. ಶ್ರೀಮದಾಚಾರ್ಯರ ಗ್ರಂಥಗಳು ಅಪಹೃತವಾದಾಗ ಅವುಗಳನ್ನು ಮರಳಿ ಪಡೆದ ಪ್ರಸಂಗವು ಸುಮಧ್ವವಿಜಯದಲ್ಲಿದೆ. ಸರ್ವಜ್ಞರಿಗೆ ಪುಸ್ತಕದಿಂದ ಆಗಬೇಕಾದುದೇನೂ ಇರಲಿಲ್ಲ. ಮುಂದಿನವರಿಗೆ ಅವು ಬೇಕಾಗಿದ್ದವು. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀ ಹೃಷೀಕೇಶತೀರ್ಥರು ತಾಳೆಗರಿಯಲ್ಲಿ ಬರೆದಿಟ್ಟ ಸರ್ವಮೂಲದ ಪ್ರತಿಯು ಉಳಿದುಬಂದುದರಿಂದಲೇ ಬನ್ನಂಜೆ ಗೋವಿಂದಾಚಾರ್ಯರಿಗೆ ಶುದ್ಧಪಾಠವನ್ನು ಸಂಪಾದಿಸುವುದು ಸಾಧ್ಯವಾಯಿತು. ಪೇಜಾವರದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು 2019ರಲ್ಲಿಯೂ ಬನ್ನಂಜೆಯವರು 2020ರಲ್ಲಿಯೂ ನಮ್ಮನ್ನಗಲಿದರು. ಅವರ ವಾಣಿಯು ಇಂದಿಗೂ ಕಿವಿಗೆ ಬೀಳುತ್ತಿರುವುದು ಯಾರೋ ಮುದ್ರಿಸಿ ಉಳಿಸಿದುದರಿಂದಲೇ ಅಲ್ಲವೇ?

ಆದರೆ ಅಂದಿನ ಪ್ರತಿಗೂ ಇಂದಿನ ಪ್ರತಿಗೂ ಒಂದು ಭೇದವಿದೆ. ತಾಳೆಗರಿಯಲ್ಲಿ ಬರೆದವನು ಪ್ರತಿ ಅಕ್ಷರವನ್ನೂ ಓದಿಯೇ ಬರೆಯಬೇಕಾಗಿತ್ತು. ಪ್ರತಿ ಮುಗಿಯುವಷ್ಟರಲ್ಲಿ ಒಂದು ಆವೃತ್ತಿ ಅಧ್ಯಯನವೂ ಆಗಿರುತ್ತಿತ್ತು. ಇಂದು ಬೆರಳೊಂದನ್ನು ಸೋಕಿಸಿದರೆ ಒಂದು ಗಂಟೆಯ ಪ್ರವಚನವು, ನಾವು ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿರುವಾಗಲೇ, ಜೇಬಿಗೆ ಬಂದು ಸೇರುತ್ತದೆ. ವಸ್ತು ಬಂದಿತು, ವಿದ್ಯೆ ಬರಲಿಲ್ಲ. ಅಪಾಯವೇನೆಂದರೆ, ಮನಸ್ಸು ಇವೆರಡನ್ನೂ ಒಂದೇ ಎಂದು ಎಣಿಸಿ ತೃಪ್ತಿಗೊಳ್ಳುತ್ತದೆ. "ನಮ್ಮಲ್ಲಿದೆ" ಎಂಬ ನೆಮ್ಮದಿಯೇ "ಕೇಳಬೇಕು" ಎಂಬ ಹಸಿವನ್ನು ಕೊಲ್ಲುತ್ತದೆ. ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳಿದುದು ಶ್ರವಣ, ಮನನ, ನಿದಿಧ್ಯಾಸನಗಳನ್ನು. ಸಂಗ್ರಹವೆಂಬ ನಾಲ್ಕನೆಯದನ್ನು ಅಲ್ಲ.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು, ಇಲ್ಲವೇ ಕಣದಲ್ಲಿ ಹರಡಬೇಕು. ಚೀಲದಲ್ಲಿಯೇ ಬಿಟ್ಟರೆ ಹಣ್ಣು ಬಿಸಿಯೇರಿ ಕೆಡುತ್ತದೆ. ಚೀಲಗಳ ಲೆಕ್ಕ ಮಾತ್ರ ಸರಿಯಾಗಿರುತ್ತದೆ!

ಹಾಗಾದರೆ ಸಂಗ್ರಹಿಸಲೇಬಾರದೇ ಎಂದರೆ, ಹಾಗಲ್ಲ. ಸಭೆಯಲ್ಲಿ ತಪ್ಪಿಹೋದ ಮಾತನ್ನು ಮತ್ತೆ ಕೇಳಲಾಗದು; ಸಂಗ್ರಹಿಸಿದುದನ್ನು ನಿಲ್ಲಿಸಿ, ಅರ್ಥವಾಗದ ಪಂಕ್ತಿಯನ್ನು ಪುನಃ ಕೇಳಬಹುದು. ನಡೆಯಲಾರದ ವೃದ್ಧರಿಗೆ ಇದಕ್ಕಿಂತ ಉಪಕಾರವಿಲ್ಲ. ಮನನಕ್ಕೆ ಸಹಾಯವಾಗುವ ಸಂಗ್ರಹವು ಶ್ರವಣದ ಅಂಗವೇ ಆಗುತ್ತದೆ.

ಇಲ್ಲಿ ಅಸ್ತೇಯವನ್ನೂ ಮರೆಯಲಾಗದು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯು ಉಪನ್ಯಾಸ ಮಾಡುವವರಿಗೂ ಹಕ್ಕುಗಳನ್ನು ಕೊಟ್ಟಿದೆ. ಕೊಡುವವರು ಅನುಮತಿಸಿದ ರೀತಿಯಲ್ಲಿ ಮನೆಮಂದಿ ಕೇಳಲೆಂದು ಇಳಿಸಿಕೊಳ್ಳುವುದು ಬೇರೆ. ಅದನ್ನೇ ಕತ್ತರಿಸಿ, ತಮ್ಮ ಹೆಸರು ಅಂಟಿಸಿ ಹಂಚುವುದು ಬೇರೆ. ವಿದ್ಯಾದಾನವೆಂಬ ಹೆಸರಿನಿಂದ ಎರಡನೆಯದು ಶುದ್ಧವಾಗದು.

2014ರ ಡಿಸೆಂಬರಿನಲ್ಲಿ ಯೂಟ್ಯೂಬ್ ಸಂಸ್ಥೆಯು ನಮ್ಮ ದೇಶದಲ್ಲಿ ಈ ಸೌಕರ್ಯವನ್ನು ಮೊದಲು ಕೊಟ್ಟಾಗ, ಇಳಿಸಿಕೊಂಡ ವಿಡಿಯೋವನ್ನು ಸಂಪರ್ಕವಿಲ್ಲದೆ 48 ಗಂಟೆಗಳವರೆಗೆ ನೋಡಬಹುದಾಗಿತ್ತು. ವ್ಯಾಪಾರಕ್ಕಾಗಿ ಹಾಕಿದ ಆ ಅವಧಿಯಿಂದ ನಾವು ಒಂದು ನಿಯಮವನ್ನು ಕಲಿಯಬಹುದು. ಒಂದು ವಾರದಲ್ಲಿ ಕೇಳಬಲ್ಲಷ್ಟನ್ನೇ ಇಳಿಸಿಕೊಳ್ಳುವುದು. ಸಂಜೆ ದೀಪ ಹಚ್ಚಿದ ಬಳಿಕ ಮನೆಯವರೆಲ್ಲ ಕುಳಿತು ಕೇಳುವುದು. ಕೇಳಿದುದರ ಸಾರವನ್ನು ಮಕ್ಕಳಿಂದ ಹೇಳಿಸುವುದು. ಅನಂತರವೇ ಮುಂದಿನದನ್ನು ತರುವುದು. ಮೊಬೈಲು ತುಂಬಿ ಕಿವಿ ಬರಿದಾಗಿದ್ದರೆ ಆ ಮನೆಯಲ್ಲಿ ಪ್ರವಚನವು ನಡೆದಂತಾಗಲಿಲ್ಲವೆಂದೇ ತಿಳಿಯತಕ್ಕದ್ದು.

ಶ್ರೀಕೃಷ್ಣಾರ್ಪಣಮಸ್ತು.