ಸಹಾಯಧನವು ದಾನವೇ?

ಬಿಸಿಲು ಗಾಳಿಗಳಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವವರಿಗೆ ಸರ್ಕಾರಗಳು ಹಣದ ನೆರವು ಕೊಡುವ ಪದ್ಧತಿಯು ಲೋಕದ ಬಹುಭಾಗದಲ್ಲಿ ರೂಢವಾಗಿದೆ. ಇದನ್ನು ಕೆಲವರು ಔದಾರ್ಯವೆಂದು ಹೊಗಳುತ್ತಾರೆ. ಕೆಲವರು ದುಂದುವೆಚ್ಚವೆಂದು ಹಳಿಯುತ್ತಾರೆ. ಇಬ್ಬರೂ ಒಂದು ಮಾತನ್ನು ವಿಚಾರಿಸದೆಯೇ ಒಪ್ಪಿಕೊಂಡಿದ್ದಾರೆ: ಸರ್ಕಾರವು ದಾತೃ, ಉತ್ಪಾದಕನು ಪ್ರತಿಗ್ರಾಹಿ ಎಂಬುದು. ಆ ಮಾತು ನಿಲ್ಲತಕ್ಕದ್ದೇ ಎಂಬುದನ್ನು ಮೊದಲು ನಿರ್ಣಯಿಸಿದ ಹೊರತು ಹೊಗಳಿಕೆಗೂ ಬೆಲೆಯಿಲ್ಲ, ಹಳಿಕೆಗೂ ಬೆಲೆಯಿಲ್ಲ.

ದಾನವೆಂದರೆ ತನ್ನದಾದ ವಸ್ತುವಿನಲ್ಲಿ ತನಗಿದ್ದ ಸ್ವಾಮ್ಯವನ್ನು ತೊರೆದು ಅದನ್ನು ಮತ್ತೊಬ್ಬನದಾಗಿ ಮಾಡುವುದು. ಆದುದರಿಂದ ತನ್ನದಲ್ಲದುದನ್ನು ಯಾರೂ ದಾನಮಾಡಲಾರರು. ಜೈಮಿನಿಯ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಈ ವಿಷಯವಾಗಿ ಸೊಗಸಾದ ವಿಚಾರವೊಂದಿದೆ. ವಿಶ್ವಜಿತ್ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕು. ಯಜಮಾನನು ಚಕ್ರವರ್ತಿಯಾಗಿದ್ದರೆ ಭೂಮಂಡಲವನ್ನೂ ಕೊಡಬಹುದೇ? ಕೊಡಲಾಗದೆಂಬುದೇ ಅಲ್ಲಿನ ಸಿದ್ಧಾಂತ. ಭೂಮಿಯು ಸಮಸ್ತರಿಗೂ ಸಾಧಾರಣವಾದುದು, ದೊರೆಯು ಅದನ್ನು ಕಾಯುವವನು, ಕಾಯುವುದಕ್ಕಾಗಿ ತನ್ನ ಭಾಗವನ್ನು ಪಡೆಯುವವನು, ಒಡೆಯನಲ್ಲ.

ಬೊಕ್ಕಸದ ಹಣದ ಸ್ಥಿತಿಯೂ ಹೀಗೆಯೇ. ಅದು ಜನರಿಂದ ಬಂದದ್ದು, ಜನರಿಗಾಗಿ ಇರತಕ್ಕದ್ದು. ಸರ್ಕಾರದ ಕೈಯಲ್ಲಿ ಅದು ನ್ಯಾಸಮಾತ್ರ. ಹೀಗಿರಲು ಸಹಾಯಧನವು ದಾನವಾಗದು. ದಾನಮಾಡಿದವನು ಪ್ರತಿಫಲವನ್ನು ಕೇಳಿದರೆ ದೋಷ. ನ್ಯಾಸವನ್ನು ಕಾಯುವವನು ಕೇಳದೆ ಬಿಟ್ಟರೆ ದೋಷ.

ಹಾಗಾದರೆ ಪರರ ಹಣವನ್ನು ಈ ಕಾರ್ಯದಲ್ಲಿ ಏಕೆ ತೊಡಗಿಸಬೇಕು, ಲಾಭಪಡೆಯುವವನೇ ತನ್ನ ಬಂಡವಾಳವನ್ನು ಹೂಡಲಿ ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಎರಡು ವಿಧ. ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಪಡೆಯುವಾಗ ಹೊಗೆ ಬೂದಿಗಳಿಂದಾಗುವ ಹಾನಿಯು ಅದರ ಬೆಲೆಯಲ್ಲಿ ಪೂರ್ತಿಯಾಗಿ ಸೇರುವುದಿಲ್ಲ. ಅದನ್ನು ನೆರೆಯ ಊರಿನವರು ತಮ್ಮ ಉಸಿರಿನಿಂದಲೂ, ಮುಂದಿನ ಪೀಳಿಗೆಯವರು ಕೆಟ್ಟ ಋತುಮಾನದಿಂದಲೂ ತೆರುತ್ತಾರೆ. ಆದುದರಿಂದ ಈ ಸ್ಪರ್ಧೆಯು ಮೊದಲೇ ಸಮವಾದುದಲ್ಲ. ಎರಡನೆಯದಾಗಿ, ಹೊಸ ವಿದ್ಯೆಯು ಮಾಡುತ್ತ ಮಾಡುತ್ತ ಅಗ್ಗವಾಗತಕ್ಕದ್ದು. ಮೊದಲು ಕೊಂಡವನು ದುಬಾರಿ ಬೆಲೆ ತೆತ್ತರೆ ಕೊನೆಗೆ ಬಂದವನು ಸುಲಭವಾಗಿ ಪಡೆಯುತ್ತಾನೆ. ಭಾರತದಲ್ಲಿ 2010-11ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ಸೌರವಿದ್ಯುತ್ತಿಗೆ ಗೊತ್ತುಮಾಡಿದ ದರವು ಯೂನಿಟ್ಟಿಗೆ 17 ರೂಪಾಯಿ 91 ಪೈಸೆ. 2017ರಲ್ಲಿ ರಾಜಸ್ಥಾನದ ಭಡ್ಲಾ ಎಂಬಲ್ಲಿಯ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಮೊದಲ ದುಬಾರಿಯನ್ನು ಯಾರೊಬ್ಬರೂ ಹೊರದಿದ್ದರೆ ಈ ಇಳಿಕೆಯು ಇಷ್ಟು ಬೇಗ ಆಗುತ್ತಿರಲಿಲ್ಲ.

ಆ ಭಾರದ ದೊಡ್ಡ ಭಾಗವನ್ನು ಹೊತ್ತವರು ಜರ್ಮನಿಯ ಜನರು. ಅಲ್ಲಿ 2000ನೆಯ ಇಸವಿಯ ಕಾನೂನು ಬಿಸಿಲು ಗಾಳಿಗಳ ವಿದ್ಯುತ್ತಿಗೆ 20 ವರ್ಷಗಳ ಕಾಲ ನಿಶ್ಚಿತವಾದ ಬೆಲೆಯನ್ನು ವಾಗ್ದಾನಮಾಡಿತು. ಆಗ ದೇಶದ ವಿದ್ಯುತ್ತಿನಲ್ಲಿ ಶೇಕಡಾ 6ರಷ್ಟಿದ್ದ ನವೀಕರಿಸಬಹುದಾದ ಶಕ್ತಿಯ ಪಾಲು 2023ರಲ್ಲಿ ಅರ್ಧವನ್ನು ಮೀರಿತು. ಆ ಬೇಡಿಕೆಯನ್ನು ಕಂಡು ಚೀನದಲ್ಲಿ ಕಾರ್ಖಾನೆಗಳು ಬೆಳೆದವು. ಫಲಕಗಳ ಬೆಲೆ ಲೋಕಕ್ಕೆಲ್ಲ ಇಳಿಯಿತು. ಆದರೆ ಈ ವೆಚ್ಚವನ್ನು ಪ್ರತಿ ಮನೆಯ ವಿದ್ಯುತ್ ಬಿಲ್ಲಿಗೇ ಸೇರಿಸಲಾಗಿತ್ತು. 2017ರಲ್ಲಿ ಅದು ಯೂನಿಟ್ಟಿಗೆ 6.88 ಸೆಂಟುಗಳಾಯಿತು. ವಿದ್ಯುತ್ತನ್ನು ಅಪಾರವಾಗಿ ಬಳಸುವ ದೊಡ್ಡ ಕಾರ್ಖಾನೆಗಳಿಗೆ ಇದರಲ್ಲಿ ಬಹಳ ವಿನಾಯಿತಿಯಿತ್ತು. ಸ್ವಂತ ಮಾಡಿನ ಮೇಲೆ ಫಲಕವನ್ನು ಹೊದಿಸಿದ ಗೃಹಸ್ಥನಿಗೆ ಹಣ ಬರುತ್ತಿತ್ತು. ಬಾಡಿಗೆಯ ಕೋಣೆಯಲ್ಲಿದ್ದ ವಿಧವೆಯು ಅದಕ್ಕಾಗಿ ತೆರುತ್ತಿದ್ದಳು. 2022ರ ಜುಲೈಯಲ್ಲಿ ಈ ಸುಂಕವನ್ನು ತೆಗೆದುಹಾಕಿ ವೆಚ್ಚವನ್ನು ಸರ್ಕಾರದ ಆಯವ್ಯಯಕ್ಕೆ ಸೇರಿಸಲಾಯಿತು. ಕಾರ್ಯವು ಲೋಕಹಿತವಾದುದಾದರೂ ಭಾರವು ಶಕ್ತ್ಯನುಸಾರವಾಗಿ ಹಂಚಿಕೆಯಾಗಬೇಕೆಂಬುದು ಇದರಿಂದ ಸಿದ್ಧಿಸುವ ಮೊದಲನೆಯ ನಿಯಮ.

ಎರಡನೆಯ ನಿಯಮವನ್ನು ಭಾರತದ ಗಾಳಿಯಂತ್ರಗಳೇ ಕಲಿಸಿಕೊಟ್ಟಿವೆ. 1990ರ ದಶಕದಲ್ಲಿ ಯಂತ್ರವನ್ನು ನೆಟ್ಟ ವರ್ಷವೇ ಅದರ ಬೆಲೆಯನ್ನು ಸವಕಳಿಯೆಂದು ಲೆಕ್ಕದಲ್ಲಿ ತೋರಿಸಿ ಆದಾಯತೆರಿಗೆಯನ್ನು ತಗ್ಗಿಸಿಕೊಳ್ಳಲು ಅವಕಾಶವಿತ್ತು. ಇದರಿಂದ ಯಂತ್ರಗಳ ಸಂಖ್ಯೆಯೇನೋ ಹೆಚ್ಚಿತು; ಆದರೆ ಕಂಬ ನಿಂತೊಡನೆಯೇ ಲಾಭವು ಕೈಸೇರುವುದರಿಂದ ರೆಕ್ಕೆಗಳು ತಿರುಗುತ್ತವೆಯೇ ಎಂಬ ಚಿಂತೆ ಹಲವರಿಗೆ ಉಳಿಯಲಿಲ್ಲ. 2009ರ ಡಿಸೆಂಬರಿನಲ್ಲಿ ಸರ್ಕಾರವು ತಂತಿಗೆ ಹರಿದ ಪ್ರತಿ ಯೂನಿಟ್ಟಿಗೂ 50 ಪೈಸೆಯಂತೆ ಕೊಡುವ ಬೇರೊಂದು ಕ್ರಮವನ್ನು ತಂದಿತು. ಮೊದಲನೆಯದು ಆರಂಭಕ್ಕೆ ಕೊಟ್ಟ ಸಂಭಾವನೆ. ಎರಡನೆಯದು ಫಲಕ್ಕೆ ಕೊಟ್ಟ ಕೂಲಿ. ನ್ಯಾಸದ ಹಣಕ್ಕೆ ಎರಡನೆಯದೇ ಯುಕ್ತವೆಂಬುದು ಸ್ಪಷ್ಟ.

ಮೂರನೆಯದು ಸತ್ಯಪಾಲನೆ. ಸ್ಪೇನ್ ದೇಶವು 2007ರಲ್ಲಿ ಸೌರವಿದ್ಯುತ್ತಿಗೆ ಅತ್ಯುದಾರವಾದ ಬೆಲೆಯನ್ನು ಘೋಷಿಸಿತು. 400 ಮೆಗಾವಾಟ್ ಆದರೆ ಸಾಕೆಂದಿದ್ದ ಆ ದೇಶದಲ್ಲಿ 2008ರ ಒಂದೇ ವರ್ಷ 2,500 ಮೆಗಾವಾಟ್‌ಗೂ ಹೆಚ್ಚು ಫಲಕಗಳು ಸ್ಥಾಪಿತವಾದವು. ಬಳಕೆದಾರರ ದರವನ್ನು ವೆಚ್ಚಕ್ಕೆ ತಕ್ಕಂತೆ ಏರಿಸಲು ಸರ್ಕಾರಕ್ಕೆ ಧೈರ್ಯವಾಗಲಿಲ್ಲ, ಸಾಲ ಬೆಳೆಯಿತು. 2010ರಿಂದ ಮೊದಲುಗೊಂಡು ನೆರವನ್ನು ಮೊಟಕುಮಾಡಿ, 2013ರಲ್ಲಿ, ಆಗಲೇ ಕಟ್ಟಿ ಮುಗಿಸಿದ್ದವರಿಗೂ ಹಳೆಯ ಕರಾರನ್ನು ರದ್ದುಗೊಳಿಸಿತು. ಸರ್ಕಾರದ ಮಾತನ್ನು ನಂಬಿ ಸಾಲಮಾಡಿದ ಸಣ್ಣ ಗೃಹಸ್ಥರು ಸಂಕಟಕ್ಕೆ ಸಿಕ್ಕಿದರು. ವಿದೇಶದ ಹಣವಂತರು ಅಂತರರಾಷ್ಟ್ರೀಯ ಪಂಚಾಯಿತಿಗಳ ಮೊರೆಹೊಕ್ಕರು. ಇಲ್ಲಿ ತಪ್ಪು ಮಾತನ್ನು ಮುರಿದಾಗ ಹುಟ್ಟಿದ್ದಲ್ಲ; ಬೊಕ್ಕಸದ ಆಳವನ್ನು ನೋಡದೆ ಮಾತುಕೊಟ್ಟಾಗಲೇ ಹುಟ್ಟಿತು.

ಕರ್ನಾಟಕಕ್ಕೂ ಈ ವಿಚಾರವು ದೂರದ್ದಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್‌ಗಳ ಸೌರಕ್ಷೇತ್ರವು ಕೇಂದ್ರದ ನೆರವಿನಿಂದ ಬೆಳೆದಿದೆ. ಮಳೆ ಕಾಣದ ಆ ಸೀಮೆಯ ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಏರ್ಪಾಡು. ಒಡೆತನವು ರೈತನಲ್ಲೇ ಉಳಿಯಿತು. ಆದರೆ ಪರರ ಹೊಲದಲ್ಲಿ ದುಡಿದು ಉಣ್ಣುತ್ತಿದ್ದ ಕೂಲಿಯವನಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. 2024ರ ಫೆಬ್ರವರಿಯಲ್ಲಿ ಒಂದು ಕೋಟಿ ಮನೆಗಳ ಗುರಿಯೊಡನೆ ಆರಂಭವಾದ ಕೇಂದ್ರದ ಯೋಜನೆಯು ಮಾಡಿನ ಫಲಕಗಳಿಗೆ 78,000 ರೂಪಾಯಿಯವರೆಗೆ ಕೊಡುತ್ತದೆ. ಅದನ್ನು ಪಡೆಯಲು ಮೊದಲು ಮಾಡೊಂದು ಬೇಕು, ಉಳಿದ ವೆಚ್ಚಕ್ಕೆ ಹಣವೋ ಸಾಲವೋ ಒದಗಬೇಕು. ಎರಡೂ ಇಲ್ಲದವನೂ ಬೆಂಕಿಪೆಟ್ಟಿಗೆಯನ್ನು ಕೊಳ್ಳುವಾಗ ತೆರಿಗೆಯನ್ನು ತೆತ್ತಿರುತ್ತಾನಲ್ಲವೆ?

ಇದರಿಂದ ನೆರವೇ ಬೇಡವೆಂಬ ತೀರ್ಮಾನಕ್ಕೆ ಬರತಕ್ಕದ್ದಲ್ಲ. ಎಳೆಯ ಅಡಿಕೆಯ ಸಸಿಗೆ ತೋಟಿಗನು ಬಾಳೆಯ ನೆರಳನ್ನು ಒದಗಿಸುತ್ತಾನೆ; ನೆರಳಿಲ್ಲದಿದ್ದರೆ ಸಸಿ ಸುಟ್ಟುಹೋಗುತ್ತದೆ. ಮರವು ಬಲಿತ ಮೇಲೆ ಬಾಳೆಯನ್ನು ತೆಗೆಯುತ್ತಾನೆ. ತೆಗೆಯದಿದ್ದರೆ ಎರಡೂ ಒಂದೇ ಗೊಬ್ಬರಕ್ಕೆ ಹೋರಾಡುತ್ತವೆ. ಬಿಸಿಲಿನ ವಿದ್ಯುತ್ತು ಈಗ ಅನೇಕ ಕಡೆ ಬಲಿತ ಮರವೇ ಆಗಿದೆ. ಅದನ್ನು ರಾತ್ರಿಗಾಗಿ ಕೂಡಿಡುವ ವಿದ್ಯೆಯು ಇನ್ನೂ ಎಳೆಯದು. ನೆರಳು ಎಲ್ಲಿಗೆ ಸರಿಯಬೇಕೆಂಬುದನ್ನು ಇದೇ ಸೂಚಿಸುತ್ತದೆ. ಮಾಡಿಲ್ಲದವನ ಪಾಲು ಅವನಿಗೆ ಹೇಗೆ ಮುಟ್ಟೀತು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಮಾತ್ರ ನ್ಯಾಸವನ್ನು ಕಾಯುವವರ ಮೇಲೆ ಇನ್ನೂ ಉಳಿದಿರುವ ಋಣ.